ಸಾಕು ಎನ್ನಲಾರದ ಚಿಕ್ಕಪ್ಪ

ಈಗ ನನ್ನ ಬಾಯಿ ಮುಚ್ಚಿಸುವುದೇ ನಮ್ಮ ಮನೆಯವರಿಗೆ ದೊಡ್ಡ ಕೆಲಸ. ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುವಷ್ಟರಲ್ಲಿ ಅವರ ಮನೆತನದ ಪೂರ್ವೋತ್ತರ ನನಗೆ ಗೊತ್ತಾಗಿರುತ್ತದೆ, ನನ್ನ ಮಂಡಿನೋವಿನ ಪೂರ್ತಿ ಚರಿತ್ರೆ ಅವರಿಗೆ ಗೊತ್ತಾಗಿರುತ್ತದೆ. ಇಂಥ ಅಜ್ಜಿ ಒಂದು ಕಾಲದಲ್ಲಿ ಬಾಯೇ ಇಲ್ಲದ ಹುಡುಗಿಯಾಗಿದ್ದಳು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಸಾಕ್ಷಿ ಹೇಳಬೇಕಾದ ಚಿಕ್ಕಪ್ಪ ಈಗಿಲ್ಲ. ಇದ್ದಿದ್ದರೂ ನಾಲ್ಕು ಜನರ ಮುಂದೆ ಬಾಯಿ ಬಿಡುವ ಪೈಕಿ ಅವನಲ್ಲ.

ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದ ಪೇಟೆಬೀದಿಯಲ್ಲಿ. ಮುಂದುಗಡೆ ಅಪ್ಪನ ಜವಳಿ ಅಂಗಡಿ, ಹಿಂದುಗಡೆ ಮನೆ. ಅಂಗಡಿ ದಾಟದೆ ಬೀದಿಗೆ ಹೋಗುವಂತಿರಲಿಲ್ಲ. ಅಂಗಡಿಯಲ್ಲಿ ಸೀರೆ ಬಿಚ್ಚಿಸಿಕೊಂಡು ಕೂತ ಹೆಂಗಸರು, ಪಂಚೆಯ ಅಂಚು ಉಜ್ಜಿ ನೋಡುವ ಗಂಡಸರು, ಎಲೆ ಅಡಿಕೆ ಹಾಕಿಕೊಳ್ಳಲೆಂದೇ ಬರುವ ಮುದುಕರು, ಬೆಳಗಿನಿಂದ ಸಂಜೆಯವರೆಗೆ ಯಾರಾದರೂ ಇದ್ದೇ ಇರುತ್ತಿದ್ದರು. ಜನ ಕಂಡರೆ ಹೆದರುವ ಮಗುವಿಗೆ ಇದಕ್ಕಿಂತ ಕೆಟ್ಟ ಮನೆಯನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಅವರು ಕೆಟ್ಟವರೇನಲ್ಲ. ಒಬ್ಬೊಬ್ಬರೂ ನನ್ನ ಗಲ್ಲ ಹಿಡಿದು ಕೇಳುತ್ತಿದ್ದುದು ಒಂದೇ ಮಾತು: ‘ಏನವ್ವ ನಿನ್ನೆಸ್ರು?’

ಹೆಸರು ನನಗೆ ಗೊತ್ತಿತ್ತು. ಒಳಗೆ ಅದು ಸಿದ್ಧವಾಗಿಯೂ ಇರುತ್ತಿತ್ತು. ಆದರೆ ಕೇಳಿದವರ ಕಣ್ಣು ನನ್ನ ಮೇಲೆ ಬಿದ್ದ ಕೂಡಲೇ ಎದೆ ಬಡಿದುಕೊಳ್ಳುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು, ಅಂಗೈ ಒದ್ದೆಯಾಗುತ್ತಿತ್ತು. ಹೇಳಬೇಕಾದ ಹೊತ್ತು ಕಳೆದುಹೋಗುತ್ತಿತ್ತು. ಹೊತ್ತು ಕಳೆದ ಮೇಲೆ ಹೇಳಿದರೆ ಇನ್ನೂ ಹೆಚ್ಚು ನಗುತ್ತಾರೆ ಎಂಬ ಹೆದರಿಕೆ. ಅವರು ಹೋದ ಮೇಲೆ ಹಿತ್ತಲಿನಲ್ಲಿ ನಿಂತು ಅದೇ ಹೆಸರನ್ನು ಚೆನ್ನಾಗಿ, ನಗುನಗುತ್ತಾ, ಪಪ್ಪಾಯಿ ಗಿಡಕ್ಕೆ ಹೇಳುತ್ತಿದ್ದೆ. ನಮ್ಮ ಪಪ್ಪಾಯಿ ಗಿಡದಷ್ಟು ಚೆನ್ನಾಗಿ ನನ್ನನ್ನು ಪರಿಚಯ ಮಾಡಿಕೊಂಡವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಇದಕ್ಕೆ ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ದೃಷ್ಟಿ ಎಂದರು ಕೆಲವರು. ಸಾಹುಕಾರರ ಮಗಳು, ಗರ್ವ ಎಂದರು ಇನ್ನು ಕೆಲವರು. ನಮ್ಮಜ್ಜಿ ಮಾತ್ರ ನಾಲಿಗೆ ದಪ್ಪ ಎಂದು ತೀರ್ಮಾನ ಮಾಡಿದಳು. ದಿನಾ ಬೆಳಿಗ್ಗೆ ಬಜೆ ತೇಯ್ದು ನನ್ನ ನಾಲಿಗೆಗೆ ಉಜ್ಜುತ್ತಿದ್ದಳು. ಬಜೆಯ ಖಾರಕ್ಕೆ ನಾನು ಕಿರುಚಿದರೆ, ‘ನೋಡು, ದನಿ ಬತ್ತಾ ಅದೆ’ ಎಂದು ಅವ್ವನಿಗೆ ಹೇಳಿ ಹಿಗ್ಗುತ್ತಿದ್ದಳು. ಗಿಳಿ ಕಚ್ಚಿದ ಸೀಬೆಹಣ್ಣು ತಿಂದರೆ ಮಾತು ಬರುತ್ತದೆ ಎಂದು ಯಾರೋ ಹೇಳಿದ ಮೇಲೆ ಗಿಳಿ ಕಚ್ಚಿದ ಹಣ್ಣೆಲ್ಲ ನನ್ನ ಪಾಲಾಯಿತು. ಗಿಳಿಗಳು ಒಳ್ಳೆಯ ಹಣ್ಣನ್ನೇ ಕಚ್ಚುತ್ತವೆ, ಆ ಔಷಧಿಯ ಬಗ್ಗೆ ನನ್ನದೇನೂ ತಕರಾರಿರಲಿಲ್ಲ.

ಚಿಕ್ಕಪ್ಪ ಎಂದರೆ ಅಪ್ಪನ ಕೊನೆಯ ತಮ್ಮ. ಆಗ ಇಪ್ಪತ್ತೈದು ಆಸುಪಾಸಿನ ವಯಸ್ಸು, ಎತ್ತರದ ಆಳು, ಹಣೆ ತುಂಬ ವಿಭೂತಿ, ತೆಂಗಿನ ಮರ ಹತ್ತಿ ಹತ್ತಿ ಗಟ್ಟಿಯಾದ ಕೈಕಾಲು. ಹೇಮಾವತಿ ಹೊಳೆಯ ದಡದಲ್ಲಿ ನಮ್ಮ ತೆಂಗಿನ ತೋಟವಿತ್ತು, ಅದನ್ನು ಅವನು ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಪೇಟೆಬೀದಿಯಲ್ಲಿ ಜನ ಏಳುವ ಮೊದಲೇ ತೋಟಕ್ಕೆ ಹೋದರೆ ಮಬ್ಬುಗತ್ತಲಾದ ಮೇಲೆಯೇ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಎಲ್ಲರೂ ಅವನನ್ನು ಮೈಗಳ್ಳನಲ್ಲದ ಒಳ್ಳೆಯ ಕೆಲಸಗಾರ ಎಂದುಕೊಂಡಿದ್ದರು. ಅವನು ಹಾಗೆ ಓಡಾಡುತ್ತಿದ್ದುದು ಯಾಕೆ ಎಂದು ನನಗೆ ಗೊತ್ತಾದದ್ದು ಅಂಗಡಿಯಲ್ಲಿ.

ಒಂದು ಮಧ್ಯಾಹ್ನ ಅಪ್ಪನಿಗೆ ಜ್ವರ ಬಂದು ಚಿಕ್ಕಪ್ಪನನ್ನು ಅಂಗಡಿಯಲ್ಲಿ ಕೂರಿಸಿದರು. ಆ ಹೊತ್ತಿಗೆ ಸೀರೆ ಕೊಳ್ಳಲು ಒಂದು ದಿಬ್ಬಣದಷ್ಟು ಹೆಂಗಸರು ಬೀದಿಯಲ್ಲಿ ಬರುವುದು ಕಾಣಿಸಿತು. ಚಿಕ್ಕಪ್ಪ ಎದ್ದ, ಆಕಡೆ ಈಕಡೆ ನೋಡಿದ, ಗಲ್ಲಾಪೆಟ್ಟಿಗೆಯ ಹಿಂದೆ ಬಟ್ಟೆಯ ಮೂಟೆಗಳ ಸಂದಿಯಲ್ಲಿ ನುಗ್ಗಿ ಕುಕ್ಕರುಗಾಲಲ್ಲಿ ಕೂತ. ಅಲ್ಲಿ ನಾನು ಮೊದಲೇ ಕೂತಿದ್ದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದ, ನನಗೆ. ಊರಿಗೆಲ್ಲ ಮೂಗಿಯಾದ ನನಗೆ. ಹೆಂಗಸರು ‘ಯಜಮಾನ್ರೇ, ಯಜಮಾನ್ರೇ’ ಎಂದು ಕೂಗಿ, ಅಂಗಡಿ ಬಾಗಿಲು ತೆರೆದುಕೊಂಡು ಎಲ್ಲಿ ಹೋದರೋ ಎಂದು ಬೈದುಕೊಂಡು ಹೋದರು. ಅವರು ಹೋದ ಮೇಲೆ ಚಿಕ್ಕಪ್ಪನಿಗೆ ನಗು ಬಂತು, ನನಗೂ ಬಂತು. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ‘ನೀನೂನಾ ಮಗ?’ ಎಂದು ಕೇಳಿದ. ನಮ್ಮ ಕಡೆ ಹೆಣ್ಣುಮಗುವನ್ನೂ ಅಕ್ಕರೆಯಿಂದ ಮಗ ಎಂದೇ ಕರೆಯುತ್ತಾರೆ. ಹೂಂ ಎಂದೆ. ಜಗತ್ತಿನಲ್ಲಿ ನನ್ನಂಥವರು ಇನ್ನೊಬ್ಬರಿದ್ದಾರೆ, ಅದೂ ಮೀಸೆ ಬಂದವರು, ಎಂದು ತಿಳಿದಾಗ ಆದ ಸಂತೋಷ ಇಷ್ಟಿಷ್ಟಲ್ಲ.

ಅಲ್ಲಿಂದ ನಾನು ತೋಟಕ್ಕೆ ಅವನ ಜೊತೆ ಹೋಗತೊಡಗಿದೆ. ಅಲ್ಲಿ ನೋಡಬೇಕಿತ್ತು ಅವನ ಮಾತು. ಎತ್ತುಗಳಿಗೆ ಬುದ್ಧಿವಾದ, ತೆಂಗಿನ ಮರಗಳಿಗೆ ಗದರಿಕೆ, ಹೊಳೆಯಲ್ಲಿ ಮುಳುಗೇಳುವ ನೀರುಕಾಗೆಗೆ ಯೋಗಕ್ಷೇಮ. ನಮ್ಮ ಅಂಗಡಿಗೆ ಬರುವ ಒಬ್ಬೊಬ್ಬರ ನಡಿಗೆ, ಕೆಮ್ಮು, ಚೌಕಾಸಿ ಎಲ್ಲವನ್ನೂ ಅವನು ಮಾಡಿ ತೋರಿಸುತ್ತಿದ್ದ. ಜನರನ್ನು ಕಂಡರೆ ಓಡುವವನು ಜನರನ್ನು ಅಷ್ಟು ಪ್ರೀತಿಯಿಂದ ನೋಡಿಟ್ಟುಕೊಂಡಿದ್ದ. ನಮ್ಮಂಥವರಿಗೆ ಜನ ಬೇಡ ಎಂದು ತಿಳಿಯುವುದು ದೊಡ್ಡ ತಪ್ಪು. ಜನ ಬೇಕು, ಬಹಳ ಬೇಕು. ಅವರಿಗೆ ನಾವು ಬೇಕಾಗುತ್ತೇವೋ ಇಲ್ಲವೋ ಎಂಬುದೇ ಹೆದರಿಕೆ.

ಬಜೆ, ಸೀಬೆಹಣ್ಣು ಎರಡೂ ನಾಟದೆ ಹೋದಾಗ ಅಜ್ಜಿ ನನ್ನನ್ನು ಹಾಸನದ ಡಾಕ್ಟರಿಗೆ ತೋರಿಸಬೇಕೆಂದು ಹಟ ಹಿಡಿದಳು. ಅಪ್ಪನಿಗೆ ಅಂಗಡಿ ಬಿಡುವಂತಿರಲಿಲ್ಲ. ಕರೆದುಕೊಂಡು ಹೋಗಲು ಸಿಕ್ಕಿದವನು ಚಿಕ್ಕಪ್ಪ. ಇದರಲ್ಲಿರುವ ಎಡವಟ್ಟು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಇಬ್ಬರೂ ರೈಲಿನಲ್ಲಿ ಹೋದೆವು. ಡಾಕ್ಟರು ನನ್ನ ಬಾಯಿಗೆ ಟಾರ್ಚು ಹಾಕಿ ನೋಡಿ, ‘ಏನಮ್ಮ ಹೆಸರು?’ ಎಂದರು. ನಾನು ಸುಮ್ಮನೆ. ಚಿಕ್ಕಪ್ಪನ ಕಡೆ ತಿರುಗಿ, ‘ಏನಾಗಿದೇರಿ ಮಗುವಿಗೆ?’ ಎಂದರು. ಅವನು ನನ್ನ ಬಾಯಿಯ ಕಡೆ ಬೆರಳು ತೋರಿಸಿದ. ‘ಯಾವಾಗಿನಿಂದ?’ ಅವನು ನೆಲ ನೋಡಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ‘ಈಗ ನಿಮ್ಮಿಬ್ಬರಲ್ಲಿ ರೋಗಿ ಯಾರು, ಅದನ್ನಾದರೂ ಹೇಳಿ’ ಎಂದರು. ಕೊನೆಗೆ ಗಂಟಲು ಸರಿಯಾಗಿದೆ, ತಾನೇ ಮಾತಾಡುತ್ತಾಳೆ ಎಂದು ಹೇಳಿ, ಬರಿಗೈಲಿ ಕಳಿಸಬಾರದೆಂದು ಒಂದು ಸೀಸೆ ಗುಲಾಬಿ ಬಣ್ಣದ ಮಿಕ್ಸ್ಚರ್ ಕೊಡಿಸಿದರು.

ಅಲ್ಲಿಂದ ಹೊರಟರೆ ಹೊಟ್ಟೆ ಹಸಿವು. ದಾರಿಯಲ್ಲಿ ಒಂದು ಹೋಟೆಲು, ಅದರೊಳಗಿಂದ ದೋಸೆಯ ವಾಸನೆ. ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡು ಬಾಗಿಲವರೆಗೆ ಹೋಗುವುದು, ಒಳಗಿನ ಗದ್ದಲ ಕೇಳಿ ಮುಂದಕ್ಕೆ ನಡೆಯುವುದು, ಮತ್ತೆ ಹಿಂದಕ್ಕೆ ಬರುವುದು, ಹೀಗೆಯೇ ಆಯಿತು. ಹೋಟೆಲಿನವರು ನಮ್ಮನ್ನು ಏನೆಂದುಕೊಂಡರೋ. ರೈಲು ಹತ್ತಿ ಕೂತು ಅವನ ಚೀಲದಲ್ಲಿದ್ದ ಕೊಬ್ಬರಿ ಬೆಲ್ಲ ತಿಂದೆವು. ಆಮೇಲೆ ಅವನು ಮಿಕ್ಸ್ಚರಿನ ಬಿರಟೆ ತೆಗೆದು ನನಗೊಂದು ಗುಟುಕು ಕುಡಿಸಿದ, ತಾನೂ ಒಂದು ಗುಟುಕು ಕುಡಿದ. ‘ಇರ್ಲಿ ಮಗ, ಇಬ್ರುಗೂ ವಾಸಿ ಆದ್ರೆ ಆಗ್ಲಿ’ ಎಂದ. ಊರು ಬರುವಷ್ಟರಲ್ಲಿ ಸೀಸೆ ಖಾಲಿ. ಯಾರಿಗೂ ವಾಸಿಯಾಗಲಿಲ್ಲ, ರುಚಿ ಮಾತ್ರ ಚೆನ್ನಾಗಿತ್ತು.

ನನ್ನ ಮೂಗತನ ಮಕ್ಕಳಾಟವಾಗಿ ನಡೆದುಹೋಗುತ್ತಿತ್ತು. ಚಿಕ್ಕಪ್ಪನದು ಹಾಗಿರಲಿಲ್ಲ. ಅವನಿಗೆ ಹೆಣ್ಣು ನೋಡತೊಡಗಿದ್ದರು.

ನಮ್ಮ ನೆಂಟರಿಷ್ಟರಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಸಂಬಂಧ ಒಪ್ಪಿಗೆಯಾಯಿತೋ ಇಲ್ಲವೋ ಎಂದು ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಹುಡುಗನ ಎಲೆ ನೋಡುತ್ತಿದ್ದರು. ಬಡಿಸಿದ ಸಿಹಿಯನ್ನು ಹುಡುಗ ತಿಂದರೆ ಒಪ್ಪಿದ ಹಾಗೆ, ಊಟವಾದ ಮೇಲೆ ಹುಡುಗಿಯನ್ನು ಹೊರಗೆ ಕರೆದು ತೋರಿಸುತ್ತಿದ್ದರು; ಎಲೆಯಲ್ಲೇ ಬಿಟ್ಟು ಎದ್ದರೆ ಇಲ್ಲ ಎಂದ ಹಾಗೆ. ಯಾರ ಮನಸ್ಸೂ ನೋಯದಿರಲಿ ಎಂದು ಹಿರಿಯರು ಮಾಡಿದ ಏರ್ಪಾಡು, ತಪ್ಪಲ್ಲ. ಆದರೆ ಪರಸ್ಥಳದಲ್ಲಿ ಹತ್ತು ಜನ ನೋಡುತ್ತಿರುವಾಗ ಒಂದು ತುತ್ತು ನುಂಗಲಾರದವನೊಬ್ಬ ವರನಾಗಿ ಬಂದರೆ ಏನು ಗತಿ ಎಂದು ಅವರು ಯೋಚನೆ ಮಾಡಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಒಳ್ಳೆಯ ಮನೆತನದ ಹುಡುಗಿ. ಚಿಕ್ಕಪ್ಪ ಪಾಯಸ ಮುಟ್ಟಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡು ತಾಂಬೂಲ ಕೊಟ್ಟು ಕಳಿಸಿದರು. ಅಪ್ಪ ದಾರಿಯುದ್ದಕ್ಕೂ ಬೈದುಕೊಂಡು ಬಂದ. ಆಮೇಲೆ ನುಗ್ಗೇಹಳ್ಳಿಯಲ್ಲಿ ಇನ್ನೊಂದು, ಅಲ್ಲಿ ಬಡಿಸಿದ ಸಿಹಿ ಸಜ್ಜಪ್ಪ. ಅಲ್ಲಿ ಹುಡುಗಿಯ ಅಜ್ಜ, ‘ಯಾಕಪ್ಪ, ಸಜ್ಜಪ್ಪ ಸೇರಾಕಿಲ್ವಾ’ ಎಂದು ಎದುರಿಗೇ ಬಂದು ಕೂತನಂತೆ. ಆಮೇಲಂತೂ ಚಿಕ್ಕಪ್ಪನ ಕೈ ಎಲೆಯಿಂದ ಮೇಲೇಳಲೇ ಇಲ್ಲ. ಹೊಳೆನರಸೀಪುರದ ಜವಳಿ ಅಂಗಡಿಯವರ ಹುಡುಗನಿಗೆ ಬಲು ದಿಮಾಕು ಎಂದು ಒಂದು ಕಡೆ, ಅವನು ಹುಟ್ಟುಮೂಗ ಎಂದು ಇನ್ನೊಂದು ಕಡೆ ಸುದ್ದಿ ಹಬ್ಬಿತು. ಎರಡೂ ನಿಜವಲ್ಲ ಎಂದು ಹೇಳಬೇಕಾದವನು ಹೇಳುವಂತಿರಲಿಲ್ಲ.

ಒಂದು ದಿನ ತೋಟದಲ್ಲಿ ಎಳನೀರು ಕೊಚ್ಚುತ್ತಾ ಅವನು ಸುಮ್ಮನಾದ. ತೋಟದಲ್ಲಿ ಅವನು ಸುಮ್ಮನಾಗುವುದು ಎಂದರೆ ಏನೋ ಆಗಿದೆ ಎಂದೇ ಲೆಕ್ಕ. ಆಮೇಲೆ, ‘ಎತ್ಗೋಳ್ ಜೊತೆ ಎಷ್ಟೂಂತ ಮಾತಾಡ್ಲಿ ಮಗ. ನಂಗೂ ಒಬ್ರು ಬೇಕು ಕಣ, ಸಂಜೆ ಒತ್ತು ಕೂತ್ಕಂಡು ಮಾತಾಡಕ್ಕೆ’ ಎಂದ. ಈ ಮಾತನ್ನು ಅವನು ನನ್ನನ್ನು ಬಿಟ್ಟು ಇನ್ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದು ನನಗೆ ಗೊತ್ತಿತ್ತು.

ಅರಕಲಗೂಡಿನಿಂದ ಸಂಬಂಧ ಬಂದದ್ದು ಆಗ. ಅಪ್ಪ ಇದೇ ಕೊನೆ ಎಂದುಬಿಟ್ಟ. ಈ ಸಲವೂ ಮಾನ ಕಳೆದರೆ ತಮ್ಮ ಬ್ರಹ್ಮಚಾರಿಯಾಗಿಯೇ ಇರಲಿ, ತಾನಂತೂ ಇನ್ನು ಯಾರ ಹೊಸಿಲೂ ತುಳಿಯುವುದಿಲ್ಲ ಎಂದ. ಅಜ್ಜಿ ಚಿಕ್ಕಪ್ಪನನ್ನು ಕೂರಿಸಿಕೊಂಡು ಪಾಠ ಹೇಳಿದಳು. ‘ನೋಡ್ಲಾ, ನೀನು ಬಾಯಿ ಬುಡದೇನೂ ಬ್ಯಾಡ. ಎಲೆಗೆ ಬಡ್ಸುದ್ನೆಲ್ಲಾ ತಿಂದ್ಬುಡು. ಒಂದು ಅಗುಳೂ ಬುಡಬ್ಯಾಡ. ತಲೆ ಬಗ್ಗುಸ್ಕಂಡು ತಿಂತಾನೇ ಇರು, ಯಾರ್ ಮಕಾನೂ ನೋಡ್ಬ್ಯಾಡ.’ ಒಳ್ಳೆಯ ಬುದ್ಧಿಯೇ. ಎಲೆ ಖಾಲಿಯಾದರೆ ಏನಾಗುತ್ತದೆ ಎಂಬುದನ್ನು ಅಜ್ಜಿ ಮರೆತಿದ್ದಳು.

ಆಗ ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಅಪ್ಪ, ಅಜ್ಜಿ, ಚಿಕ್ಕಪ್ಪ ಹೊರಟರು. ಚಿಕ್ಕಪ್ಪ ಬಸ್ಸಿನ ಹತ್ತಿರ ನನ್ನ ಕೈ ಹಿಡಿದವನು ಬಿಡಲೇ ಇಲ್ಲ, ಹಾಗಾಗಿ ನಾನೂ ಹೊರಟೆ. ಏರಿನಲ್ಲಿ ಬಸ್ಸು ನೂಕುವಾಗ ಅವನು ಎಲ್ಲರಿಗಿಂತ ಮುಂದೆ. ಮಾತಾಡಬೇಕಿಲ್ಲದ ಯಾವ ಕೆಲಸದಲ್ಲೂ ಅವನು ಹಿಂದೆ ಬಿದ್ದವನಲ್ಲ.

ಅರಕಲಗೂಡಿನ ಮನೆಯ ಯಜಮಾನರು ಒಕ್ಕಲುತನದವರು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಅಭ್ಯಾಸವಾಗಿ ಪಡಸಾಲೆಯಲ್ಲೂ ಹಾಗೆಯೇ ಮಾತಾಡುತ್ತಿದ್ದರು. ‘ಬನ್ನಿ ಬನ್ನಿ’ ಎಂದರೆ ಸೂರಿನ ಗುಬ್ಬಚ್ಚಿಗಳು ಹಾರಿಹೋದವು. ಮನೆ ತುಂಬ ನೆಂಟರು. ಚಿಕ್ಕಪ್ಪನ ಕಿವಿ ಆಗಲೇ ಕೆಂಪಾಗಿತ್ತು. ಗಂಡಸರನ್ನು ಮಣೆ ಹಾಕಿ ಕೂರಿಸಿ, ನನ್ನನ್ನು ಒಳಗೆ ಹೆಂಗಸರ ಹತ್ತಿರ ಕಳಿಸಿದರು.

ಒಳಗೆ ಒಲೆಯ ಸುತ್ತ ಹೆಂಗಸರು. ಎಲ್ಲರೂ ಒಟ್ಟಿಗೆ ನನ್ನ ಹೆಸರು ಕೇಳಿದರು. ನಾನು ಬಾಗಿಲ ಸಂದಿಗೆ ಸೇರಿಕೊಂಡೆ. ‘ಇದೂ ಮೂಗೀನಾ ಏನ್ ಕತೆ’ ಎಂದು ಒಬ್ಬಾಕೆ ನಕ್ಕಳು. ಒಲೆಯ ಹತ್ತಿರ ಒಬ್ಬಳು ಬಾಳೆ ಎಲೆಯ ಮೇಲೆ ಒಬ್ಬಟ್ಟು ತಟ್ಟುತ್ತಾ ಕೂತಿದ್ದಳು. ಅವಳೇ ಹುಡುಗಿ. ಊಟವಾದ ಮೇಲೆ ಅವಳಿಗೆ ಸೀರೆ ಉಡಿಸಿ ಹೊರಗೆ ಕರೆದುಕೊಂಡು ಹೋಗುವುದೆಂದಿತ್ತು, ಅಲ್ಲಿಯವರೆಗೆ ಹಳೆಯ ಸೀರೆಯಲ್ಲಿ ಬೆವರು ಸುರಿಸುತ್ತಾ ಬೇಯಿಸುತ್ತಿದ್ದಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಎಡಗೈಯಲ್ಲಿ ಒಂದು ಮಣೆಯನ್ನು ತನ್ನ ಪಕ್ಕಕ್ಕೆ ಎಳೆದಳು, ಬೇರೆಯವರಿಗೆ ನನ್ನ ಬೆನ್ನು ಮಾತ್ರ ಕಾಣುವ ಹಾಗೆ. ನಾನು ಹೋಗಿ ಕೂತೆ. ಒಂದು ಉಂಡೆ ಹೂರಣ ನನ್ನ ಅಂಗೈಗೆ ಹಾಕಿ ತನ್ನ ಪಾಡಿಗೆ ತಾನು ತಟ್ಟತೊಡಗಿದಳು. ಯಾವ ಡಾಕ್ಟರೂ ಕೊಡದ ಔಷಧಿ ಅದು. ನನ್ನ ಎದೆಬಡಿತ ತಾನಾಗಿ ಇಳಿಯಿತು.

ಹೊರಗೆ ಊಟ ಶುರುವಾಯಿತು. ಅಜ್ಜಿಯ ಮಾತಿನಂತೆ ಚಿಕ್ಕಪ್ಪ ತಲೆ ಬಗ್ಗಿಸಿ ಎಲೆಯಲ್ಲಿದ್ದ ಒಬ್ಬಟ್ಟನ್ನು ತಿಂದು ಮುಗಿಸಿದ. ಎಲೆ ಖಾಲಿ ಕಂಡಿತು. ಖಾಲಿ ಎಲೆ ಮುಂದೆ ನೆಂಟ ಕೂತಿದ್ದರೆ ಮನೆಯವರಿಗೆ ಅವಮಾನ, ಇನ್ನೊಂದು ಬಿತ್ತು. ಬಿದ್ದದ್ದನ್ನು ಬಿಡಬಾರದು, ಅವನು ತಿಂದ. ಮತ್ತೆ ಖಾಲಿ. ಬೇರೆ ಯಾರಾದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುತ್ತಿದ್ದರು, ಬಡಿಸುವವರು ‘ಇನ್ನೊಂದೇ ಒಂದು’ ಎನ್ನುತ್ತಿದ್ದರು, ಹಾಗೆ ಹೀಗೆ ಎಂದು ಮುಗಿಯುತ್ತಿತ್ತು. ಚಿಕ್ಕಪ್ಪನಿಗೆ ಸಾಕು ಎನ್ನಲು ಬಾಯಿಲ್ಲ, ಕೈ ಅಡ್ಡ ಹಿಡಿದರೆ ಬೇಡ ಎಂದ ಹಾಗಾಗುತ್ತದೆಂಬ ಹೆದರಿಕೆ. ಅವನು ತಿನ್ನುತ್ತಲೇ ಇದ್ದ, ಅವರು ಬಡಿಸುತ್ತಲೇ ಇದ್ದರು. ತಿಂದದ್ದು ಎಷ್ಟು ಎಂದು ಆ ದಿನ ಎಣಿಸಿದವರಿಲ್ಲ. ನಮ್ಮ ಮನೆಯಲ್ಲಿ ಆ ಲೆಕ್ಕ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು.

ಮೊದಮೊದಲು ಅಡುಗೆಮನೆಯಲ್ಲಿ ಸಂಭ್ರಮ. ‘ಹುಡ್ಗಂಗೆ ಬಲು ಒಪ್ಗೆ ಆಗದೆ ಕಣೇ’ ಎಂದು ಹುಡುಗಿಯನ್ನು ರೇಗಿಸಿದರು. ಬರುಬರುತ್ತಾ ದನಿ ಬದಲಾಯಿತು. ಬಡಿಸುತ್ತಿದ್ದವಳು, ಹುಡುಗಿಯ ಸೋದರತ್ತೆ, ಖಾಲಿ ತಟ್ಟೆ ಹಿಡಿದು ಬಂದು, ‘ಇದೇನವ್ವ ಇದು. ಮಾತು ಇಲ್ಲ ಕತೆ ಇಲ್ಲ, ಆಕಿದ್ದೆಲ್ಲಾ ಒಳೀಕ್ಕೆ ಓಯ್ತಾ ಅದೆ’ ಎಂದಳು. ಇನ್ನೊಬ್ಬಾಕೆ, ‘ಮೂಗ ಅಂದಿದ್ರು, ಒಟ್ಟೆಬಾಕ ಅಂತ ಯಾರೂ ಏಳ್ಳಿಲ್ವಲ್ಲ. ಯಜಮಾನ್ರ ಕಿವೀಗೊಂದು ಮಾತು ಆಕ್ಬುಡು, ಈ ಸಂಬಂಧ ಬ್ಯಾಡ’ ಎಂದಳು. ಹುಡುಗಿಯ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಬಾಗಿಲ ಕಡೆ ಕತ್ತು ಚಾಚಿ ನೋಡಿದೆ. ಚಿಕ್ಕಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಎಡಗೈ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಎದುರಿಗೆ ಇನ್ನೂ ಎರಡು ಒಬ್ಬಟ್ಟು, ಅದರ ಮೇಲೆ ತುಪ್ಪ. ಅಪ್ಪ ಅವನ ಕಡೆ ನೋಡಿ ನೋಡಿ ಹಲ್ಲು ಕಚ್ಚುತ್ತಿದ್ದ. ಅಜ್ಜಿಯನ್ನು ಆ ಮನೆಯ ಹಿರಿಯ ಹೆಂಗಸರು ಜಗಲಿಯಲ್ಲಿ ಮಾತಿಗೆ ಕೂರಿಸಿಕೊಂಡಿದ್ದರು, ಗಂಡಸರ ಪಂಕ್ತಿಯೊಳಗೆ ಅವಳು ಬರುವಂತಿರಲಿಲ್ಲ. ಅವನಿಗೆ ಏನಾಗುತ್ತಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಮತ್ತು ನಾನು ಮೂಗಿ.

ಎದೆ ಬಡಿದುಕೊಂಡಿತು. ಕಿವಿ ಬಿಸಿಯಾಯಿತು. ಎಲ್ಲವೂ ಯಾವಾಗಲೂ ಆಗುವ ಹಾಗೆಯೇ ಆಯಿತು. ಆದರೆ ಈ ಸಲ ಹೊತ್ತು ಕಳೆದುಹೋದರೆ ಅವನು ಸಂಜೆಯೆಲ್ಲ ಎತ್ತುಗಳ ಜೊತೆಯೇ ಮಾತಾಡಬೇಕು. ನಾನು ಹುಡುಗಿಯ ಸೆರಗು ಹಿಡಿದು ಎಳೆದೆ. ಅವಳು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು, ಮುಖ ನೋಡಲಿಲ್ಲ.

‘ನಮ್ ಚಿಕ್ಕಪ್ಪಂಗೆ ಸಾಕು ಅನ್ನಕ್ಕೆ ಬರಾಕಿಲ್ಲ’ ಎಂದೆ.

ಒಂದು ಮಾತು ಬಂದದ್ದೇ ತಡ, ಕಟ್ಟೆ ಒಡೆಯಿತು. ಅಜ್ಜಿ ಎಲೆಯಲ್ಲಿ ಬಿಡಬೇಡ ಎಂದದ್ದು, ಚನ್ನರಾಯಪಟ್ಟಣದ ಪಾಯಸ, ಗಲ್ಲಾಪೆಟ್ಟಿಗೆಯ ಹಿಂದೆ ಅವಿತದ್ದು, ಹಾಸನದ ಮಿಕ್ಸ್ಚರು, ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಅವಳ ಕಿವಿಗೆ ಸುರಿದೆ. ಅವಳು ಒಬ್ಬಟ್ಟು ತಿರುವಿಹಾಕುತ್ತಲೇ ಕೇಳಿದಳು. ಮಿಕ್ಸ್ಚರು ಕುಡಿದ ಜಾಗದಲ್ಲಿ ಅವಳ ಭುಜ ಅಲ್ಲಾಡಿತು, ನಗುತ್ತಿದ್ದಳು. ಕೊನೆಗೆ ಒಂದೇ ಒಂದು ಕೇಳಿದಳು.

‘ಮೂಗ ಅಲ್ವಾ?’

‘ಅಲ್ಲ. ತ್ವಾಟದಲ್ಲಿ ಬಲು ಮಾತಾಡ್ತದೆ. ಸಂಜೆ ಒತ್ತು ಮಾತಾಡಕ್ಕೆ ಒಬ್ರು ಬೇಕಂತೆ.’

ಅವಳು ಕಾವಲಿಯನ್ನು ಇಳಿಸಿದಳು. ಕೈ ತೊಳೆದಳು. ಒಂದು ಬಟ್ಟಲಿಗೆ ಹಿಡಿ ಅನ್ನ ಹಾಕಿಕೊಂಡು, ಮೂಲೆಯಲ್ಲಿದ್ದ ಮಜ್ಜಿಗೆಯ ಪಾತ್ರೆಯನ್ನು ಎತ್ತಿಕೊಂಡಳು. ಅವಳ ತಾಯಿ ಗಾಬರಿಯಿಂದ, ‘ಸಾರನ್ನಾನೇ ಆಗಿಲ್ಲ ಕಣೇ, ಮಜ್ಗೆ ಯಾಕೆ? ಸೀರೇನಾರ ಉಟ್ಕಳೇ’ ಎನ್ನುತ್ತಿದ್ದ ಹಾಗೆಯೇ ಹೊಸಿಲು ದಾಟಿ ಹೋದಳು. ಮಜ್ಜಿಗೆ ಎಲೆಗೆ ಬಿತ್ತೆಂದರೆ ಊಟ ಮುಗಿಯಿತು, ಆಮೇಲೆ ಯಾರೂ ಸಿಹಿ ಬಡಿಸುವಂತಿಲ್ಲ. ಸಾಕು ಎನ್ನಬೇಕಾದ ಅಗತ್ಯವೇ ಇಲ್ಲ.

ನೋಡಿಸಿಕೊಳ್ಳಬೇಕಾದ ಹುಡುಗಿ ಮಸಿ ಹತ್ತಿದ ಸೀರೆಯಲ್ಲಿ ಪಾತ್ರೆ ಹಿಡಿದು ಬಂದದ್ದು ಕಂಡು ಪಂಕ್ತಿಯವರ ತುತ್ತು ಕೈಯಲ್ಲೇ ಉಳಿಯಿತು. ಅವಳು ನೇರವಾಗಿ ಚಿಕ್ಕಪ್ಪನ ಎದುರಿಗೆ ಹೋಗಿ, ಆ ಎರಡು ಒಬ್ಬಟ್ಟನ್ನು ಎಲೆಯಿಂದ ತಾನೇ ಎತ್ತಿ ಪಕ್ಕದ ತಟ್ಟೆಗೆ ಹಾಕಿ, ಒಂದು ಹಿಡಿ ಅನ್ನ ಇಟ್ಟು ಮಜ್ಜಿಗೆ ಬಿಟ್ಟಳು. ಚಿಕ್ಕಪ್ಪ ತಲೆ ಎತ್ತಿದ. ಅಪರಿಚಿತರೊಬ್ಬರ ಮುಖವನ್ನು ಅವನು ಹಾಗೆ ಪೂರ್ತಿಯಾಗಿ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

‘ಏನವ್ವ ಇದು?’ ಎಂದರು ಅವಳ ಅಪ್ಪ ತಮ್ಮ ಹೊಲದ ದನಿಯಲ್ಲಿ. ‘ಸಾರೇ ಆಕಿಲ್ಲ.’

‘ಅವ್ರಿಗೆ ಸಾಕಂತೆ, ಅಪ್ಪ.’

‘ಯಾರೇಳುದ್ರು? ಅವ್ರು ಬಾಯೇ ಬುಟ್ಟಿಲ್ವಲ್ಲ.’

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಆ ಒಂದು ಗಳಿಗೆ ನಾನು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಚಿಕ್ಕಪ್ಪ ಮಜ್ಜಿಗೆ ಅನ್ನವನ್ನು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ನುಂಗಿದ.

‘ಮಜ್ಗೆ ಚೆನ್ನಾಗದೆ’ ಎಂದ. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು. ಆಮೇಲೆ ಬೊಗಸೆ ಒಡ್ಡಿ, ‘ಇನ್ನೊಂದೀಟು ಬುಡಿ’ ಎಂದ.

ಸಾಕು ಎನ್ನಲಾರದವನು ಇನ್ನೊಂದಿಷ್ಟು ಬೇಕು ಎಂದು ಬಾಯಿ ಬಿಟ್ಟು ಕೇಳಿದ್ದ. ಯಜಮಾನರು ನಗತೊಡಗಿದರು, ನಕ್ಕರೆ ಬೀದಿಗೆ ಕೇಳಿಸುವ ನಗು. ‘ಎಲೆ ನೋಡದು ಯಾಕೆ ಬುಡಿ, ಹುಡ್ಗ ಬಾಯ್ಬುಟ್ಟು ಕೇಳ್ಬುಟ್ನಲ್ಲ’ ಎಂದರು. ಅಡುಗೆಮನೆಯಲ್ಲಿ ಒಟ್ಟೆಬಾಕ ಎಂದಿದ್ದವಳೇ ಮೊದಲು ಸಕ್ಕರೆ ಹಂಚಿದಳು. ಹಿಂದಕ್ಕೆ ಬರುವಾಗ ಬಸ್ಸು ಏರಿನಲ್ಲಿ ನಿಂತಿತು. ಚಿಕ್ಕಪ್ಪ ಇಳಿಯಲಿಲ್ಲ, ಬಗ್ಗಲಾರದೆ ಹಿಂದಿನ ಸೀಟಿನಲ್ಲಿ ಮಲಗಿದ್ದ. ಮಲಗಿಕೊಂಡೇ ನನ್ನ ಕಡೆ ನೋಡಿ ನಗುತ್ತಿದ್ದ. ನಮ್ಮ ಕಡೆಯಿಂದ ಅಪ್ಪ ಒಬ್ಬನೇ ಬೈದುಕೊಂಡು ನೂಕಿದ, ಆದರೆ ಅದು ಸಂತೋಷದ ಬೈಗುಳ.

ಚಿಕ್ಕವ್ವ ಬಂದ ಮೇಲೆ ಮನೆಯಲ್ಲಿ ಬಜೆ ತೇಯುವುದು ನಿಂತಿತು. ಅವಳು ಯಾರನ್ನೂ ‘ಮಾತಾಡು’ ಎಂದು ನೂಕುತ್ತಿರಲಿಲ್ಲ. ಅಂಗಡಿಗೆ ಜನ ಬಂದಾಗ ನನ್ನ ಕೈಯಲ್ಲಿ ಎಲೆ ಅಡಿಕೆ ತಟ್ಟೆ ಕೊಟ್ಟು, ‘ಇಟ್ಬುಟ್ಟು ಬಂದ್ಬುಡು, ಅಷ್ಟೆ’ ಎನ್ನುತ್ತಿದ್ದಳು. ಕೈಗೆ ಕೆಲಸವಿದ್ದರೆ ಕಣ್ಣುಗಳ ಹೆದರಿಕೆ ಅರ್ಧ ಕಡಿಮೆ. ಸಂಜೆಯಾದರೆ ಹಿತ್ತಲ ಕಟ್ಟೆಯ ಮೇಲೆ ಚಿಕ್ಕಪ್ಪ ಚಿಕ್ಕವ್ವ ಕೂತು ಮಾತಾಡುತ್ತಿದ್ದರು. ಮಾತಾಡುತ್ತಿದ್ದವನು ಅವನು, ನಗುತ್ತಿದ್ದವಳು ಅವಳು. ನಮ್ಮ ಎತ್ತುಗಳು ಆ ವರ್ಷ ಬಹಳ ನೆಮ್ಮದಿಯಿಂದಿದ್ದವು. ಈಗ ಮನಶ್ಶಾಸ್ತ್ರ ಓದುವ ನನ್ನ ಮೊಮ್ಮಗಳು ನಮ್ಮಿಬ್ಬರ ಕಾಯಿಲೆಗೆ ಏನೋ ದೊಡ್ಡ ಹೆಸರು ಹೇಳುತ್ತಾಳೆ. ಇರಬಹುದು. ಅದಕ್ಕೆ ಚಿಕ್ಕವ್ವನ ಹತ್ತಿರ ಇದ್ದ ಔಷಧಿ ಪಕ್ಕಕ್ಕೆ ಎಳೆದ ಒಂದು ಮಣೆ, ಅಷ್ಟೇ.

ಹೊರಗಿನವರ ಮುಂದೆ ಮಾತ್ರ ಚಿಕ್ಕಪ್ಪ ಹಾಗೆಯೇ ಉಳಿದ. ಅರಕಲಗೂಡಿನ ಆ ಎರಡು ಮಾತೇ ಅವನ ಭಾಷಣ ಎಂದು ನಾವು ರೇಗಿಸುತ್ತಿದ್ದೆವು. ನನ್ನನ್ನು ನೋಡಲು ಹಾಸನದಿಂದ ಗಂಡಿನವರು ಬರುವವರೆಗೆ.

ಅಷ್ಟು ಹೊತ್ತಿಗೆ ನಾನು ಮನೆಯಲ್ಲಿ ಮಾತುಗಾತಿಯಾಗಿದ್ದೆ. ಆದರೂ ಅಂದು ಪಡಸಾಲೆಯಲ್ಲಿ ಜಮಖಾನದ ಮೇಲೆ ಕೂರಿಸಿದಾಗ ಹಳೆಯದೆಲ್ಲ ಒಟ್ಟಿಗೆ ಬಂತು. ಕಿವಿ ಬಿಸಿ, ಅಂಗೈ ಒದ್ದೆ. ಹುಡುಗನ ಸೋದರಮಾವ ಒಬ್ಬರು ಕೋಟು ಹಾಕಿಕೊಂಡು ಬಂದಿದ್ದರು. ‘ಏನಮ್ಮ ನಿನ್ನ ಹೆಸರು?’ ಎಂದರು. ಒಳಗೆ ಹೆಸರು ಸಿದ್ಧವಿತ್ತು, ಹೊರಗೆ ಬರಲಿಲ್ಲ. ಮತ್ತೆ ಕೇಳಿದರು. ಅಪ್ಪ ಕೆಮ್ಮಿದ. ‘ಹುಡುಗಿಗೆ ಮಾತು ಬರುತ್ತೆ ತಾನೆ?’ ಎಂದರು ಅವರು, ನಗುತ್ತಲೇ. ನನ್ನ ಕಣ್ಣು ಮಂಜಾಯಿತು.

ಅಡುಗೆಮನೆಯ ಕಡೆಯಿಂದ ಯಾರೋ ಬಂದ ಸದ್ದಾಯಿತು. ನೋಡಿದರೆ ಚಿಕ್ಕಪ್ಪ. ಒಂದು ಕೈಯಲ್ಲಿ ಮಜ್ಜಿಗೆಯ ಪಾತ್ರೆ, ಇನ್ನೊಂದರಲ್ಲಿ ಲೋಟಗಳು. ನೆಂಟರು ಬಂದರೆ ತೋಟ ಸೇರುತ್ತಿದ್ದವನು ಎಲ್ಲರ ನಡುವೆ, ನನ್ನ ಮತ್ತು ಆ ಕೋಟಿನವರ ಮಧ್ಯೆ ಬಂದು ನಿಂತ. ಕಿವಿ ನನ್ನದಕ್ಕಿಂತ ಕೆಂಪಾಗಿತ್ತು. ಲೋಟಕ್ಕೆ ಬಗ್ಗಿಸುವ ಅವಸರದಲ್ಲಿ ಮಜ್ಜಿ​ಗೆ ಜಮಖಾನದ ಮೇಲೆ ಚೆಲ್ಲುತ್ತಿತ್ತು.

‘ನಮ್ ಮಗ ಆಮೇಕೆ ಮಾತಾಡ್ತದೆ ಸಾ’ ಎಂದ. ‘ಬಲು ಚೆನ್ನಾಗಿ ಮಾತಾಡ್ತದೆ. ನಂಗೆ ಮಾತು ಕೊಡ್ಸಿದ್ದೇ ಅದು. ಮೊದ್ಲು ಮಜ್ಗೆ ಕುಡೀರಿ.’

ಬಾಗಿಲ ಹಿಂದೆ ಚಿಕ್ಕವ್ವ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಕೋಟಿನವರು ಲೋಟ ತೆಗೆದುಕೊಂಡು ಕುಡಿದರು. ಅವರು ಲೋಟ ಕೆಳಗಿಡುವಷ್ಟರಲ್ಲಿ ನಾನು ನನ್ನ ಹೆಸರು ಹೇಳಿದ್ದೆ.